ಫೋನಿನಲ್ಲಿ ಹೇಳಿದ ಸೆಮಿಫೈನಲ್: ಒಂದು ಪ್ರಕರಣ

ಇದರಲ್ಲಿ ಬರುವ ಇಬ್ಬರಿಗೂ ಇದನ್ನು ಓದಿ ಹೇಳಿದ್ದೇನೆ. ಇಬ್ಬರೂ ಬರೆ ಎಂದರು. ಹೆಸರು ಹಾಕಿಲ್ಲ, ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಹೊಸನಗರ ತಾಲ್ಲೂಕಿನ ಒಂದು ಹಳ್ಳಿ ಎಂದಿಟ್ಟುಕೊಂಡರೆ ಸಾಕು. ವಯಸ್ಸಾದವರು ಒಟ್ಟಿಗೆ ಕೂತು ಆಟ ನೋಡುವ ಮನೆಗಳು ನಮ್ಮ ಕಡೆ ಇನ್ನೂ ಇವೆ. ಅಂಥ ಒಂದು ಮನೆಯಲ್ಲಿ ಟಿವಿಯಲ್ಲಿ ಟೆನಿಸ್ ನೋಡುವಾಗ ಜಗಳ ಬಂತು. ನಾವು ಏನೇನು ಮಾಡಿದೆವು, ಯಾವುದು ಕೆಲಸಕ್ಕೆ ಬರಲಿಲ್ಲ, ಯಾವುದು ಬಂತು ಅಂತ ಬರೆದಿಟ್ಟರೆ ಇನ್ಯಾರಿಗಾದರೂ ಉಪಯೋಗವಾದೀತು.

ಹಿನ್ನೆಲೆ

ಒಬ್ಬರನ್ನು ಮೇಷ್ಟ್ರು ಎನ್ನುತ್ತೇನೆ. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. 2019ರಲ್ಲಿ ಅವರಿಗೆ 67 ವರ್ಷ. ಇನ್ನೊಬ್ಬರನ್ನು ತೋಟದವರು ಎನ್ನುತ್ತೇನೆ. ಅಡಿಕೆ ತೋಟ ನೋಡಿಕೊಂಡಿರುವವರು, ಆಗ 61. ಮೇಷ್ಟ್ರ ಹೆಂಡತಿ ತೋಟದವರ ಅಕ್ಕ. ಹಾಗಾಗಿ ಇವರು ಅವರಿಗೆ ಭಾವ, ಅವರು ಇವರಿಗೆ ಭಾವ. ಎರಡು ಮನೆಗಳ ನಡುವೆ ಒಂದು ಹಳ್ಳ, ಅದರ ಮೇಲೊಂದು ಸಂಕ, ಒಟ್ಟು ಅರ್ಧ ಗಂಟೆಯ ದಾರಿ.

ಟೆನಿಸ್ ಊರಿಗೆ ಬಂದದ್ದು ಮೇಷ್ಟ್ರಿಂದ. ದೂರದರ್ಶನದಲ್ಲಿ ಬೆಕರ್, ಎಡ್ಬರ್ಗ್ ಆಡುವುದನ್ನು ನೋಡಿ ಹುಚ್ಚು ಹಿಡಿಸಿಕೊಂಡವರು ಅವರು. ನಮ್ಮ ಶಾಲೆಯಲ್ಲಿ ಟೆನಿಸ್ ಅಂಕಣ ಎಲ್ಲಿಂದ ಬರಬೇಕು? ಟೆನಿಕಾಯ್ಟ್ ರಿಂಗ್ ಎಸೆಯುವುದನ್ನೇ ಟೆನಿಸ್ ಎಂಬಂತೆ ಶ್ರದ್ಧೆಯಿಂದ ಕಲಿಸುತ್ತಿದ್ದರು. ತೋಟದವರ ಮನೆಗೆ ಡಿಶ್ ಬಂದ ಮೇಲೆ ಅವರ ಜಗಲಿಯೇ ನಮ್ಮ ಜಾಗವಾಯಿತು. ಏಳೆಂಟು ಜನ ಸೇರುತ್ತಿದ್ದೆವು. ನಾನು ಅದರಲ್ಲಿ ಒಬ್ಬ, ಪಕ್ಕದ ಮನೆಯವನು.

ಮೇಷ್ಟ್ರು ಸ್ವಿಟ್ಜರ್ಲೆಂಡಿನ ಆಟಗಾರ ಫೆಡರರ್ ಕಡೆ. ತೋಟದವರು ಸ್ಪೇನಿನ ನಡಾಲ್ ಕಡೆ. ಫೆಡರರ್ ಆಡುವುದು ಬರವಣಿಗೆ ಇದ್ದ ಹಾಗೆ, ಒಂದೂ ಅಕ್ಷರ ಒತ್ತಿ ಬರೆದದ್ದಲ್ಲ ಎನ್ನುವುದು ಮೇಷ್ಟ್ರ ಮಾತು. ತೋಟದವರಿಗೆ ಹಿಡಿಸಿದ್ದು ನಡಾಲ್ ಪ್ರತಿ ಚೆಂಡಿಗೂ ಓಡುವ ರೀತಿ. "ಅವನು ಕೂಲಿ ಮಾಡಿದ ಹಾಗೆ ಆಡ್ತಾನೆ" ಎನ್ನುತ್ತಿದ್ದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಆಟದ ಒಳಗಿನ ವಿಷಯ ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ನಡಾಲ್ ಎಡಗೈಯವನು. ಅವನ ಫೋರ್‌ಹ್ಯಾಂಡಿನ ಟಾಪ್‌ಸ್ಪಿನ್ ಚೆಂಡು, ಅಂದರೆ ಮುಂದಕ್ಕೆ ಸುತ್ತುತ್ತ ಬರುವ ಚೆಂಡು, ನೆಲಕ್ಕೆ ಬಿದ್ದ ಮೇಲೆ ಮೇಲಕ್ಕೆ ಚಿಮ್ಮುತ್ತದೆ. ಅದು ಹೋಗುವುದು ಬಲಗೈಯ ಫೆಡರರ್‌ನ ಎಡಗಡೆಗೆ, ಅಂದರೆ ಅವನು ಒಂದೇ ಕೈಯಲ್ಲಿ ಹೊಡೆಯುವ ಬ್ಯಾಕ್‌ಹ್ಯಾಂಡ್ ಕಡೆಗೆ, ಭುಜದ ಎತ್ತರದಲ್ಲಿ. ಅಲ್ಲಿಂದ ಒಂದೇ ಕೈಯಲ್ಲಿ ಬಲವಾಗಿ ಹೊಡೆಯುವುದು ಕಷ್ಟ. ಮಣ್ಣಿನ ಅಂಕಣದಲ್ಲಿ ಚೆಂಡು ಇನ್ನೂ ಜಾಸ್ತಿ ಏಳುತ್ತದೆ. ಹುಲ್ಲಿನ ಮೇಲೆ ತಗ್ಗಿನಲ್ಲಿ ಜಾರಿ ಹೋಗುತ್ತದೆ. ಇವರಿಬ್ಬರ ಪೈಪೋಟಿಯ ಅರ್ಧ ಕಥೆ ಇಷ್ಟೇ.

ಹುಲ್ಲಿನ ಮೇಲೆ ಆಡುವ ವಿಂಬಲ್ಡನ್‌ನ 2008ರ ಜುಲೈ 6ರ ಫೈನಲ್ ನಮ್ಮೂರಲ್ಲಿ ಇವತ್ತಿಗೂ ಮಾತಿಗೆ ಬರುತ್ತದೆ. ಅಲ್ಲೂ ಮಳೆ, ಇಲ್ಲೂ ಮಳೆ. ಅಲ್ಲಿ ಮಳೆಗೆ ಆಟ ನಿಂತರೆ ಇಲ್ಲಿ ಮಳೆಗೆ ಸಿಗ್ನಲ್ ಹೋಗುತ್ತಿತ್ತು. ಐದು ವಿಂಬಲ್ಡನ್ ಸಾಲಾಗಿ ಗೆದ್ದಿದ್ದ ಫೆಡರರ್ ಐದನೇ ಸೆಟ್ಟಿನಲ್ಲಿ 9-7ರಿಂದ ಸೋತಾಗ ನಮ್ಮ ಗಡಿಯಾರದಲ್ಲಿ ರಾತ್ರಿ ಒಂದೂಮುಕ್ಕಾಲು. 4 ಗಂಟೆ 48 ನಿಮಿಷದ ಆಟ. ಮೇಷ್ಟ್ರು ಏನೂ ಹೇಳದೆ ಎದ್ದು ತೋಟದವರ ಕೈ ಕುಲುಕಿ, ಟಾರ್ಚ್ ಹಿಡಿದು ಆ ಮಳೆಯಲ್ಲೇ ಹೋದರು. ಮೂರು ದಿನ ಬಿಟ್ಟು ಪಂಥದ ಬಾಳೆಗೊನೆ ತಾವೇ ಹೊತ್ತುಕೊಂಡು ಬಂದರು.

ಪಂಥ ಯಾವಾಗಲೂ ಒಂದು ಗೊನೆ ಪುಟ್ಟಬಾಳೆ. ಸೋತವರ ಕಡೆಯವರು ಸ್ವತಃ ತಂದುಕೊಡಬೇಕು. 2017ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಫೈನಲ್ ಆದಾಗ ಗೊನೆ ಹೊತ್ತವರು ತೋಟದವರು. ಮೊಣಕಾಲಿನ ತೊಂದರೆಯಿಂದ ಆರು ತಿಂಗಳು ಆಡದೇ ಇದ್ದ 35ರ ಫೆಡರರ್ ಐದನೇ ಸೆಟ್ಟಿನಲ್ಲಿ 1-3 ಹಿಂದಿದ್ದು, ಸಾಲಾಗಿ ಐದು ಗೇಮ್ ಗೆದ್ದ. ಚೆಂಡು ಏಳುವ ಮೊದಲೇ ಬ್ಯಾಕ್‌ಹ್ಯಾಂಡಿನಲ್ಲಿ ಹೊಡೆದುಬಿಡುತ್ತಿದ್ದ. ಅವತ್ತು ಮೇಷ್ಟ್ರು ಅತ್ತಿದ್ದನ್ನು ನಾನು ನೋಡಿದ್ದೇನೆ.

ಬಿರುಕು

2019ರ ಜೂನ್ 7. ಫ್ರೆಂಚ್ ಓಪನ್ ಸೆಮಿಫೈನಲ್. ಮೂರು ವರ್ಷ ಫ್ರೆಂಚ್ ಓಪನ್ ಬಿಟ್ಟಿದ್ದ ಫೆಡರರ್ ಆ ವರ್ಷ ಮತ್ತೆ ಬಂದಿದ್ದ. ಪ್ಯಾರಿಸ್‌ನಲ್ಲಿ ಜೋರು ಗಾಳಿ, ಅಂಕಣದ ಮಣ್ಣು ಎದ್ದು ಕಣ್ಣಿಗೆ ಬೀಳುತ್ತಿತ್ತು. ನಡಾಲ್ 6-3, 6-4, 6-2ರಿಂದ ಗೆದ್ದ. ಅದರಲ್ಲಿ ಆಶ್ಚರ್ಯ ಏನೂ ಇರಲಿಲ್ಲ. ಮೂರನೇ ಸೆಟ್ಟಿನಲ್ಲಿ ತೋಟದವರು ಸುಮ್ನೆ ಬಾಯಿಗೆ ಬಂದ ಹಾಗೆ ಒಂದು ಮಾತು ಆಡಿದರು.

"ಮೂವತ್ತೇಳಾಯ್ತು. ಮೊಣಕಾಲು ಹೋಗಿದೆ. ಮರ್ಯಾದೆಯಿಂದ ಮನೇಲಿ ಕೂರೋದು ಬಿಟ್ಟು ಯಾಕೆ ಬರ್ಬೇಕು ಇವನು?"

ಮೇಷ್ಟ್ರು ಕೊಡೆ ತೆಗೆದುಕೊಂಡು ಎದ್ದರು. ಆಟ ಇನ್ನೂ ಮುಗಿದಿರಲಿಲ್ಲ. ಅಷ್ಟು ವರ್ಷಗಳಲ್ಲಿ ಅವರು ಆಟದ ನಡುವೆ ಎದ್ದು ಹೋದದ್ದು ಅದೇ ಮೊದಲು.

ಆ ವಾರದ ಗೊನೆ ಆಟೋದಲ್ಲಿ ಬಂತು. ಮೇಷ್ಟ್ರು ಬರಲಿಲ್ಲ. ತೋಟದವರು ಅದನ್ನು ಜಗಲಿಯ ತೊಲೆಗೆ ನೇತುಹಾಕಿದರು. ಹಣ್ಣಾಯಿತು, ಕಪ್ಪಾಯಿತು. ಯಾರೂ ಮುಟ್ಟಲಿಲ್ಲ.

ಆಗ ನಮಗ್ಯಾರಿಗೂ ಗೊತ್ತಿಲ್ಲದ ವಿಷಯ ಎರಡು. ಹಿಂದಿನ ದೀಪಾವಳಿಯಿಂದ ಮೇಷ್ಟ್ರ ಬಲ ಮೊಣಕಾಲು ನೋಯುತ್ತಿತ್ತು. ಸೈಕಲ್ ಬಿಟ್ಟಿದ್ದರು, ಕಾರಣ ಹೇಳಿರಲಿಲ್ಲ. ಎರಡನೆಯದು, ಬೆಂಗಳೂರಿನಲ್ಲಿರುವ ಮಗ "ಅಲ್ಲಿ ಇಬ್ಬರೇ ಎಷ್ಟು ದಿನ? ಮನೆ ಬಾಗಿಲು ಹಾಕಿ ಬಂದು ಆರಾಮಾಗಿ ಕೂತ್ಕೊಳ್ಳಿ" ಎಂದು ಪ್ರತಿ ವಾರ ಫೋನು ಮಾಡುತ್ತಿದ್ದ. ಮನೇಲಿ ಕೂರೋದು ಎಂಬ ಮಾತನ್ನು ಮೇಷ್ಟ್ರು ಆರು ತಿಂಗಳಿಂದ ಕೇಳುತ್ತಲೇ ಇದ್ದರು. ಜಗಲಿಯಲ್ಲೂ ಅದೇ ಮಾತು ಬಂದಾಗ ಅವರಿಗೆ ಅದು ಫೆಡರರ್‌ಗೆ ಹೇಳಿದ್ದು ಅಂತ ಅನಿಸಲೇ ಇಲ್ಲ.

ಮಾಡಿ ನೋಡಿದ್ದು

ಮೊದಲ ತಪ್ಪು ನನ್ನದು. ಇದು ಆಟದ ಜಗಳ ಎಂದುಕೊಂಡೆ. ಆಟದ ಜಗಳಕ್ಕೆ ಲೆಕ್ಕ ತೋರಿಸಿದರೆ ಆಯಿತಲ್ಲ ಎಂದು ಒಂದು ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದುಕೊಂಡು ಮೇಷ್ಟ್ರ ಮನೆಗೆ ಹೋದೆ. ಅಲ್ಲಿಯವರೆಗೆ 39 ಪಂದ್ಯ, ನಡಾಲ್ 24, ಫೆಡರರ್ 15. ಅದರಲ್ಲಿ ಮಣ್ಣಿನ ಮೇಲೆ ಆಡಿದ 16ರಲ್ಲಿ 14 ನಡಾಲ್‌ಗೆ. ಮಣ್ಣು ಬಿಟ್ಟು ಉಳಿದದ್ದು ನೋಡಿದರೆ ಫೆಡರರ್ 13, ನಡಾಲ್ 10. ಅಂದರೆ ನಿಮ್ಮವರು ಕಡಿಮೆಯೇನಲ್ಲ ಎಂದು ಸಮಾಧಾನ ಹೇಳುವುದು ನನ್ನ ಉದ್ದೇಶ.

ಮೇಷ್ಟ್ರು ನೋಟ್‌ಬುಕ್ ಮುಚ್ಚಿ ನನ್ನ ಕೈಗೆ ಕೊಟ್ಟರು. "ಈ ಲೆಕ್ಕ ನಾನು ನಿನಗೆ ಹೇಳಿಕೊಟ್ಟದ್ದು" ಎಂದರು. ನಿಜವೇ. ಅವರಿಗೆ ಬೇಕಾಗಿದ್ದು ಲೆಕ್ಕ ಆಗಿರಲಿಲ್ಲ.

ಎರಡನೆಯದು ಅಕ್ಕ ಮಾಡಿದ ಪ್ರಯತ್ನ. ತಮ್ಮನ ಹತ್ತಿರ ಬಂದು ಒಂದು ಮಾತು ತಪ್ಪಾಯ್ತು ಅನ್ನು ಎಂದರು. ತೋಟದವರು ನಿಜಕ್ಕೂ ಗಲಿಬಿಲಿಗೊಂಡರು. "ನಾನು ಹೇಳಿದ್ದು ಫೆಡರರ್‌ಗೆ ಅಕ್ಕಾ. ಭಾವನಿಗೆ ಏನು ಹೇಳಿದೆ?" ಅವರು ಹಟ ಮಾಡುತ್ತಿರಲಿಲ್ಲ. ಏನು ತಪ್ಪಾಗಿದೆ ಎಂದು ಗೊತ್ತಿಲ್ಲದವರ ಹತ್ತಿರ ತಪ್ಪಾಯ್ತು ಎಂದು ಹೇಳಿಸಿದರೆ ಅದಕ್ಕೆ ಅರ್ಥ ಇರುತ್ತದಾ? ಅಕ್ಕನಿಗೆ ಮೊಣಕಾಲಿನ ವಿಷಯ ಗೊತ್ತಿತ್ತು. ಗಂಡ ಯಾರಿಗೂ ಹೇಳಬೇಡ ಎಂದಿದ್ದರು, ಹಾಗಾಗಿ ಹೇಳಲಿಲ್ಲ. ಅವರು ಹೇಳದೇ ಇದ್ದದ್ದು ಸರಿ ಎಂದೇ ಈಗಲೂ ನನ್ನ ಅಭಿಪ್ರಾಯ. ಆ ಮಾತು ಮೇಷ್ಟ್ರ ಬಾಯಿಂದಲೇ ಬರಬೇಕಿತ್ತು.

ಮೂರನೆಯದು ನಿಯಮ. ಜುಲೈ 1ಕ್ಕೆ ವಿಂಬಲ್ಡನ್ ಶುರುವಾಗುವ ಮೊದಲು ನಾವು ನಾಲ್ಕು ಜನ ಕೂತು ತೀರ್ಮಾನ ಮಾಡಿದೆವು. ವಯಸ್ಸಿನ ಮಾತು ಬೇಡ, ನಿವೃತ್ತಿಯ ಮಾತು ಬೇಡ, ಯಾರು ದೊಡ್ಡವರು ಎಂಬ ಮಾತಂತೂ ಬೇಡವೇ ಬೇಡ. ಮೇಷ್ಟ್ರು ಎರಡು ಸಲ ಬಂದರು. ಎರಡು ಸಲವೂ ಜಗಲಿಯಲ್ಲಿ ಬಸ್ಸಿಗೆ ಕಾದವರ ಹಾಗೆ ಕೂತಿದ್ದೆವು. ಯಾವ ಹೊಡೆತಕ್ಕೂ ಯಾರೂ ಭಲೇ ಎನ್ನಲಿಲ್ಲ. ಎಲ್ಲಿ ಯಾವ ಮಾತು ಯಾರಿಗೆ ತಾಗುತ್ತದೋ ಎಂಬ ಹೆದರಿಕೆ. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನಾಗಿದ್ದ ಹುಡುಗ ಇದಕ್ಕಿಂತ ಮನೆಯಲ್ಲಿ ಮೊಬೈಲಲ್ಲಿ ನೋಡುವುದು ಒಳ್ಳೆಯದು ಎಂದು ಹೋದವನು ಮತ್ತೆ ಬರಲೇ ಇಲ್ಲ. ಇವತ್ತಿಗೂ ಬಂದಿಲ್ಲ. ಎರಡನೇ ವಾರಕ್ಕೆ ಮೇಷ್ಟ್ರೂ ನಿಂತರು. ಮಳೆ ಜಾಸ್ತಿ ಎಂದು ಹೇಳಿ ಕಳಿಸಿದರು. ಮಳೆಗೆ ಹೆದರುವ ಮನುಷ್ಯ ಅವರಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಜುಲೈ 12ರ ರಾತ್ರಿ

ವಿಂಬಲ್ಡನ್ ಸೆಮಿಫೈನಲ್‌ನಲ್ಲಿ ಮತ್ತೆ ಅವರಿಬ್ಬರೇ ಎದುರಾದರು. ವಿಂಬಲ್ಡನ್‌ನಲ್ಲಿ 2008ರ ಆ ರಾತ್ರಿಯ ನಂತರ ಹನ್ನೊಂದು ವರ್ಷ ಎದುರಾಗಿರಲಿಲ್ಲ. ಒಬ್ಬನಿಗೆ 37, ಇನ್ನೊಬ್ಬನಿಗೆ 33. ಇನ್ನೊಂದು ಸಲ ನೋಡಲು ಸಿಗುತ್ತದೋ ಇಲ್ಲವೋ ಎಂದು ಎಲ್ಲರ ಮನಸ್ಸಲ್ಲೂ ಇತ್ತು.

ಸಂಜೆಯಿಂದ ಗಾಳಿ ಮಳೆ. ಹಳ್ಳದ ಆಚೆ ಲೈನಿನ ಮೇಲೆ ಮರ ಬಿದ್ದು ಮೇಷ್ಟ್ರ ಕಡೆ ಕರೆಂಟ್ ಹೋಯಿತು. ಈಚೆ ತೋಟದವರ ಮನೆಯಲ್ಲಿ ಯುಪಿಎಸ್ ಇತ್ತು. ಜಗಲಿಯಲ್ಲಿ ಇದ್ದದ್ದು ಮೂರೇ ಜನ. ಒಂಬತ್ತರ ಸುಮಾರಿಗೆ ಆಟ ಶುರುವಾಯಿತು. ಸ್ವಲ್ಪ ಹೊತ್ತಿಗೆ ಲ್ಯಾಂಡ್‌ಲೈನ್ ಹೊಡೆದುಕೊಂಡಿತು. ಹತ್ತಿರ ಇದ್ದ ನಾನೇ ಎತ್ತಿದೆ. ಆ ಕಡೆ ಅಕ್ಕ.

"ಕರೆಂಟಿಲ್ಲ ಮಾರಾಯ. ಇವರು ಕತ್ತಲಲ್ಲಿ ಸುಮ್ನೆ ಕೂತಿದ್ದಾರೆ. ಕೇಳು ಅಂತ ಅವರು ಹೇಳಿಲ್ಲ, ನಾನೇ ಕೇಳ್ತಿದ್ದೇನೆ. ಎಷ್ಟಾಯ್ತು?"

ಈ ಪ್ರಕರಣದಲ್ಲಿ ತಿರುವು ಎಂಬುದು ಇದ್ದರೆ ಅದು ಇಲ್ಲಿದೆ. ನನ್ನ ಬಾಯಿಗೆ ಸ್ಕೋರ್ ಬಂದೇ ಬಿಟ್ಟಿತ್ತು. ಹೇಳಿ ಫೋನ್ ಇಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತೋಟದವರು ಟಿವಿ ಕಡೆ ನೋಡುತ್ತಲೇ ಕೈ ಚಾಚಿದರು. ನಾನು ರಿಸೀವರ್ ಕೊಟ್ಟೆ. ಅಷ್ಟೇ ನಾನು ಮಾಡಿದ್ದು.

"ಭಾವನಿಗೆ ಕೊಡು ಅಕ್ಕಾ" ಎಂದರು. ಆ ಕಡೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮೇಷ್ಟ್ರು ಬಂದಿರಬೇಕು.

ಮೊದಲ ಸೆಟ್ ಪೂರ್ತಿ ತೋಟದವರು ಬರೀ ಅಂಕ ಹೇಳಿದರು. ಮೂರು ಎರಡು. ನಾಲ್ಕು ಮೂರು. ಟೈಬ್ರೇಕ್. ಫೆಡರರ್‌ದು. ಮುಖದಲ್ಲಿ ಏನೂ ಇಲ್ಲ, ಬ್ಯಾಂಕಿನಲ್ಲಿ ಪಾಸ್‌ಬುಕ್ ಓದಿದ ಹಾಗೆ. ಎರಡನೇ ಸೆಟ್ ನಡಾಲ್ 6-1ರಿಂದ ತೆಗೆದುಕೊಂಡ. ಚುಚ್ಚುವುದಿದ್ದರೆ ಅದೇ ಸಮಯ. ನಾನು ಉಸಿರು ಹಿಡಿದು ನೋಡುತ್ತಿದ್ದೆ.

"ಆರು ಒಂದು" ಎಂದು ಅವರು ಸ್ವಲ್ಪ ತಡೆದರು. ಟಿವಿಯಲ್ಲಿ ಫೆಡರರ್ ಕುರ್ಚಿಯಲ್ಲಿ ಕೂತು ನೀರು ಕುಡಿಯುತ್ತಿದ್ದ. ತೋಟದವರು ಅವನನ್ನು ಗಮನಿಸಿ ನೋಡಿದರು. "ಸುಸ್ತಾದ ಹಾಗೆ ಕಾಣಲ್ಲ ಭಾವ. ಈ ಸೆಟ್ ಬಿಟ್ಟುಕೊಟ್ಟು ಮುಂದಿನದಕ್ಕೆ ಇಟ್ಟುಕೊಂಡ ಹಾಗೆ ಕಾಣ್ತದೆ."

ಆ ಕಡೆಯಿಂದ ಪ್ರಶ್ನೆ ಬರಲು ಶುರುವಾಯಿತು. ಬ್ಯಾಕ್‌ಹ್ಯಾಂಡ್ ಹೇಗಿದೆ? ಹಿಂದೆ ನಿಂತಿದ್ದಾನಾ, ಗೆರೆ ಹತ್ತಿರವಾ? ಸರ್ವ್ ಯಾವ ಕಡೆ? ಡ್ರಿಲ್ ಮೇಷ್ಟ್ರ ಪ್ರಶ್ನೆಗಳು. ಉತ್ತರ ಹೇಳಬೇಕಾದರೆ ತೋಟದವರು ನಡಾಲ್‌ನನ್ನು ಬಿಟ್ಟು ಫೆಡರರ್‌ನನ್ನು ನೋಡಲೇಬೇಕು. ಹದಿಮೂರು ವರ್ಷ ಒಂದೇ ಟಿವಿಯಲ್ಲಿ ಇಬ್ಬರನ್ನೂ ನೋಡಿದ್ದರು. ಆದರೆ ಎದುರಿನವನ ಕಾಲು ಎಲ್ಲಿದೆ ಎಂದು ಅವರು ನೋಡಿದ್ದು ಆ ರಾತ್ರಿಯೇ ಮೊದಲು. ಇದನ್ನು ಅವರೇ ಆಮೇಲೆ ನನಗೆ ಹೇಳಿದರು.

"ಮುಂದೆ ಬಂದ... ಏಳೋ ಮೊದಲೇ ತಗೊಂಡ ಭಾವ... ಅಯ್ಯೋ, ಎಂಥ ಹೊಡೆತ ಮಾರಾಯ್ರೆ!"

ಮೂರನೇ ಸೆಟ್ 6-3, ಫೆಡರರ್. ಆಗ ಮಳೆ ಜೋರಾಗಿ ಡಿಶ್ ಸಿಗ್ನಲ್ ಹೋಯಿತು. ಟಿವಿ ನೀಲಿಯಾಯಿತು. "ಇಲ್ಲೂ ಹೋಯ್ತು ಭಾವ. ಇಡ್ತೀರಾ?" ಎಂದು ಕೇಳಿದರು. ಮೇಷ್ಟ್ರು ಇಡಲಿಲ್ಲ. ಇಬ್ಬರೂ ಫೋನ್ ಹಿಡಿದುಕೊಂಡು ಮಳೆಯ ಸದ್ದು ಕೇಳುತ್ತ ಕೂತರು. ಹತ್ತು ನಿಮಿಷ ಇದ್ದೀತು.

ನನಗೆ ಕಂಡದ್ದು ಈ ತುದಿ ಮಾತ್ರ. ನಿಂತಿದ್ದ ತೋಟದವರು ಮೆಲ್ಲಗೆ ಮಣೆಯ ಮೇಲೆ ಕೂತರು. "ಯಾವಾಗಿಂದ?" ಎಂದರು. ಬಹಳ ಹೊತ್ತು ಕೇಳಿಸಿಕೊಂಡು, "ನನಗ್ಯಾಕೆ ಹೇಳ್ಲಿಲ್ಲ?" ಎಂದರು. ಆ ತುದಿಯಲ್ಲಿ ಮೇಷ್ಟ್ರು ಹೇಳಿದ್ದೇನು ಎಂದು ನನಗೆ ಗೊತ್ತಾದದ್ದು ಮುಂದಿನ ವಾರ. "ಸಂಕ ದಾಟುವಾಗ ಕಾಲು ನಡುಗ್ತದೆ ಭಾವ. ಮಳೆಗಲ್ಲ ನಾನು ಬಾರದ್ದು."

ಟಿವಿ ಬೆಳಗಿತು. ತೋಟದವರು ಗಂಟಲು ಸರಿಮಾಡಿಕೊಂಡು "ಬಂತು ಭಾವ" ಎಂದು ಮತ್ತೆ ಶುರು ಮಾಡಿದರು. ನಾಲ್ಕನೇ ಸೆಟ್ಟಿನ ಕೊನೆಯಲ್ಲಿ, ಇನ್ನೊಂದು ಅಂಕ ಬಿಟ್ಟರೆ ಸೋಲು ಎಂಬಲ್ಲಿ, ನಡಾಲ್ ಮ್ಯಾಚ್ ಪಾಯಿಂಟ್ ಮೇಲೆ ಮ್ಯಾಚ್ ಪಾಯಿಂಟ್ ಉಳಿಸಿಕೊಂಡ. ಪ್ರತಿ ಸಲ ಉಳಿಸಿದಾಗಲೂ ಫೋನಿನ ಆ ಕಡೆಯಿಂದ "ಭಲೇ!" ಎಂದದ್ದು ನಮಗೂ ಕೇಳಿಸಿತು. ಹಾಗೆಂದವರು ಮೇಷ್ಟ್ರು, ಹೊಗಳಿದ್ದು ನಡಾಲ್‌ನನ್ನು. ಐದನೇ ಮ್ಯಾಚ್ ಪಾಯಿಂಟಿಗೆ ಆಟ ಮುಗಿಯಿತು. 7-6, 1-6, 6-3, 6-4. ಆಗ ಹನ್ನೆರಡು ದಾಟಿತ್ತು.

ತಿಳಿದುಕೊಂಡದ್ದು

ನಾನು ಬಹಳ ಸಲ ಯೋಚನೆ ಮಾಡಿದ್ದೇನೆ. ನಿಯಮ ಸೋತು ಫೋನ್ ಯಾಕೆ ಗೆದ್ದಿತು? ನಿಯಮ ಇಬ್ಬರಿಗೂ ಬಾಯಿ ಮುಚ್ಚು ಎಂದಿತು. ಫೋನ್ ಒಬ್ಬರಿಗೆ ಕೆಲಸ ಕೊಟ್ಟಿತು. ಕಣ್ಣಿಲ್ಲದ ಹೊತ್ತಲ್ಲಿ ಒಬ್ಬರಿಗೆ ಕಣ್ಣಾಗುವ ಕೆಲಸ. ಅದನ್ನು ಮಾಡುವಾಗ ಸುಳ್ಳು ಹೇಳಲು ಆಗುವುದಿಲ್ಲ, ಚುಚ್ಚಲೂ ಮನಸ್ಸು ಬರುವುದಿಲ್ಲ. ಮುಖ ಕಾಣದೇ ಇದ್ದದ್ದೂ ಒಳ್ಳೆಯದಾಯಿತು. ಮೇಷ್ಟ್ರಂಥ ಮನುಷ್ಯ ಜಗಲಿಯಲ್ಲಿ ಏಳು ಜನರ ಎದುರು ಕಾಲು ನಡುಗುತ್ತದೆ ಎಂದು ಹೇಳುತ್ತಿರಲಿಲ್ಲ. ಕತ್ತಲಲ್ಲಿ, ಮಳೆಯಲ್ಲಿ, ಫೋನಿಗೆ ಹೇಳಿದರು.

ಇನ್ನೊಂದು ವಿಷಯ. ನಮ್ಮ ಜೊತೆಗೇ ಬೆಳೆದ ಆಟಗಾರ ಮುದುಕನಾಗುವುದನ್ನು ನೋಡುವಾಗ ನಾವು ನಮ್ಮನ್ನೂ ನೋಡಿಕೊಳ್ಳುತ್ತೇವೆ. ಅವನ ಮೊಣಕಾಲಿನ ಬಗ್ಗೆ ಆಡಿದ ಮಾತು ಪಕ್ಕದಲ್ಲಿ ಕೂತವರ ಮೊಣಕಾಲಿಗೂ ತಾಗುತ್ತದೆ. ಯಾರಾದರೂ ಆಟದ ಮಾತಿಗೆ ಆಟಕ್ಕಿಂತ ಜಾಸ್ತಿ ನೊಂದುಕೊಂಡರೆ ಈಗ ನಾನು ಲೆಕ್ಕ ತೆಗೆಯುವುದಿಲ್ಲ. ಊಟ ಆಯ್ತಾ, ಹೇಗಿದ್ದೀರಿ ಎಂದು ಕೇಳುತ್ತೇನೆ.

ಇದು ಎಲ್ಲ ಕಡೆ ಆಗುತ್ತದೆ ಎಂದು ಹೇಳಲಾರೆ. ಇಲ್ಲಿ ನಂಟಸ್ತಿಕೆ ಇತ್ತು, ನಡುವೆ ಅಕ್ಕ ಇದ್ದರು. ಬಿಟ್ಟುಹೋದ ಹುಡುಗನನ್ನು ವಾಪಸ್ ತರಲು ನಮ್ಮಿಂದ ಆಗಲಿಲ್ಲ. ಅದಕ್ಕೆ ಆ ನಿಯಮ ಮಾಡಿದ ನಾವೇ ಕಾರಣ. ತೋಟದವರು ಜೂನ್ 7ರ ಮಾತಿಗೆ ತಪ್ಪಾಯ್ತು ಎಂದು ಇವತ್ತಿನವರೆಗೆ ಹೇಳಿಲ್ಲ, ಮೇಷ್ಟ್ರು ಕೇಳಿಯೂ ಇಲ್ಲ.

ಆಮೇಲೆ

ಎರಡು ದಿನ ಬಿಟ್ಟು ಜುಲೈ 14, ಭಾನುವಾರ, ಫೈನಲ್. ತೋಟದವರು ಮಧ್ಯಾಹ್ನವೇ ಜೀಪು ಕಳಿಸಿದರು. ಜೀಪು ಸುತ್ತು ದಾರಿಯಲ್ಲಿ ಹೋಗಬೇಕು, ಹೋಯಿತು. ಅವತ್ತೇ ಕ್ರಿಕೆಟ್ ವಿಶ್ವಕಪ್ ಫೈನಲ್ ಕೂಡ ಇತ್ತು. ಮನೆಯ ಹುಡುಗರು ರಿಮೋಟ್ ಕೇಳಿದಾಗ ತೋಟದವರು ಕೊಡಲಿಲ್ಲ. ಐದನೇ ಸೆಟ್ಟಿನಲ್ಲಿ 8-7, 40-15. ಫೆಡರರ್‌ಗೆ ಎರಡು ಮ್ಯಾಚ್ ಪಾಯಿಂಟ್ ಇತ್ತು, ಎರಡೂ ಹೋದವು. ಎದುರಾಳಿ ಜೊಕೊವಿಚ್ 13-12ರಲ್ಲಿ ಗೆದ್ದ. 4 ಗಂಟೆ 57 ನಿಮಿಷ. ಮೇಷ್ಟ್ರ ಪಕ್ಕದಲ್ಲಿ ಕೂತಿದ್ದ ತೋಟದವರು ಟಿವಿ ಆರಿಸಿ "ಎರಡು ತುತ್ತು ಮೊಸರನ್ನ ಉಂಡೇ ಹೋಗಿ ಭಾವ" ಎಂದರು. ಮರುವಾರ ಇಬ್ಬರೂ ಶಿವಮೊಗ್ಗಕ್ಕೆ ಹೋಗಿ ಡಾಕ್ಟರಿಗೆ ಮೊಣಕಾಲು ತೋರಿಸಿಕೊಂಡು ಬಂದರು. ಮೇಷ್ಟ್ರು ಬೆಂಗಳೂರಿಗೆ ಹೋಗಲಿಲ್ಲ.

2022ರ ಸೆಪ್ಟೆಂಬರಿನಲ್ಲಿ ಲಂಡನ್‌ನ ಲೇವರ್ ಕಪ್‌ನಲ್ಲಿ ಫೆಡರರ್ ಕೊನೆಯ ಸಲ ಆಡಿದ, ನಡಾಲ್ ಜೊತೆ ಡಬಲ್ಸ್. ನಮಗೆ ಅದು ಬೆಳಗಿನ ಜಾವ. ಇಬ್ಬರೂ ಒಂದೇ ಕಡೆ ನಿಂತು ಸೋತರು. ಗೊನೆ ಯಾರು ಯಾರಿಗೆ ಕೊಡಬೇಕು ಎಂಬ ಪ್ರಶ್ನೆ ಬಂತು. ಆ ವಾರ ಎರಡು ಮನೆಯಿಂದಲೂ ಗೊನೆ ಬಂತು. ಒಂದನ್ನು ಶಾಲೆಗೆ ಕಳಿಸಿದೆವು.

2024ರ ನವೆಂಬರ್ 19ಕ್ಕೆ ಸ್ಪೇನಿನ ಮಲಗಾದಲ್ಲಿ ಡೇವಿಸ್ ಕಪ್, ನಡಾಲ್‌ನ ಕೊನೆಯ ಆಟ. ತೋಟದವರ ಮನೆಯಲ್ಲಿ ಆಗ ಅಡಿಕೆ ಕೊಯ್ಲು. ರಾತ್ರಿ ಜಗಲಿ ತುಂಬ ಸುಲಿಯುವವರು. ತೋಟದವರು ಟಿವಿಗೆ ಬೆನ್ನು ಹಾಕಿ ಮೆಟ್ಟುಗತ್ತಿ ಮುಂದೆ ಕೂತರು. "ನನಗೆ ನೋಡ್ಲಿಕ್ಕಾಗಲ್ಲ ಭಾವ. ನೀವು ಹೇಳಿ" ಎಂದರು.

72ರ ಮೇಷ್ಟ್ರು ಕುರ್ಚಿ ಟಿವಿ ಹತ್ತಿರ ಎಳೆದುಕೊಂಡರು. ಮೊದಲು ಮೊಬೈಲ್ ತೆಗೆದು, ಅದೇ ದಿನ ಫೆಡರರ್ ನಡಾಲ್‌ಗೆ ಬರೆದ ಪತ್ರವನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರು. ನಾನು ನಿನ್ನನ್ನು ಸೋಲಿಸಿದ್ದಕ್ಕಿಂತ ಜಾಸ್ತಿ ಸಲ ನೀನು ನನ್ನನ್ನು ಸೋಲಿಸಿದೆ ಎಂದು ಅವನು ಬರೆದಿದ್ದ. ನಿನ್ನಿಂದಾಗಿ ನನ್ನ ರ‍್ಯಾಕೆಟ್‌ನ ಅಳತೆಯನ್ನೂ ಬದಲಿಸಬೇಕಾಯಿತು ಎಂದಿದ್ದ. ಆಮೇಲೆ ಆಟ. ವಾನ್ ಡೆ ಝಾಂಡ್‌ಸ್ಖುಲ್ಪ್ ಎಂಬ ಡಚ್ ಹುಡುಗ 6-4, 6-4ರಿಂದ ಗೆದ್ದ. ಮೇಷ್ಟ್ರು ಒಂದನ್ನೂ ಮುಚ್ಚಿಡಲಿಲ್ಲ.

"ಕಾಲು ಬರ್ತಿಲ್ಲ ಭಾವ. ಕೈ ಇನ್ನೂ ಹಾಗೇ ಇದೆ."

"ಓಡ್ತಿದ್ದಾನಾ?"

"ಎಲ್ಲದಕ್ಕೂ ಓಡ್ತಿದ್ದಾನೆ."

ತೋಟದವರು ತಿರುಗಲಿಲ್ಲ. ಬುಟ್ಟಿಯಿಂದ ಇನ್ನೊಂದು ಅಡಿಕೆ ಎತ್ತಿಕೊಂಡರು.